ಹುದಲಿಯ ಗಂಗಾಧರರಾಯರು

ಮಲಪ್ರಭೆಯ ದಂಡೆಯ ಮುನವಳ್ಳಿಯಲ್ಲಿ ಮತದಾನದ ದಿನ ಸರದಿಯಲ್ಲಿ ನಿಂತವನನ್ನು, ನೀನು ಹಿಂದೆ ಸೆರೆಮನೆ ಕಂಡವನೇ ಎಂದು ಯಾರೂ ಕೇಳುವುದಿಲ್ಲ. 1951ರ ಪ್ರಜಾಪ್ರಾತಿನಿಧ್ಯ ಕಾಯದೆ ತಡೆಯುವುದು ಸೆರೆಯೊಳಗಿರುವವನ ಮತವನ್ನು; ಚುನಾವಣೆಯ ಅಪರಾಧಗಳನ್ನು ಬಿಟ್ಟರೆ, ಶಿಕ್ಷೆ ತೀರಿಸಿ ಬಂದವನ ಮತವನ್ನಲ್ಲ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಇಂದಿಗೂ ಇಷ್ಟು ಔದಾರ್ಯವಿಲ್ಲ. ಸೆರೆಮನೆಯ ಕಳಂಕವನ್ನು ಬೆಳಗಾವಿ ಸೀಮೆಯಲ್ಲಿ ತೊಳೆದವರ ಪೈಕಿ ಮೊದಲು ನೆನೆಯಬೇಕಾದವರು ಗಂಗಾಧರರಾವ್ ದೇಶಪಾಂಡೆಯವರು.

ಅವರು ಹುದಲಿಯ ಸಿರಿವಂತ ದೇಶಪಾಂಡೆ ಮನೆತನದಲ್ಲಿ 1871ರಲ್ಲಿ ಜನಿಸಿದರು. ವಕೀಲರಾದರು, ತಿಲಕರ ಶಿಷ್ಯರಾದರು. ರಾಜದ್ರೋಹದ ಶಿಕ್ಷೆಯನ್ನು ಮಂಡಾಲೆಯಲ್ಲಿ ಮುಗಿಸಿ 1914ರಲ್ಲಿ ಮರಳಿದ ಗುರುವನ್ನು ಸರಕಾರ ಅಪರಾಧಿಯೆಂದೇ ಕಾಣುತ್ತಿತ್ತು. 1916ರಲ್ಲಿ ಬೆಳಗಾವಿ ಆ ಅಪರಾಧಿಯನ್ನೇ ಕರೆಸಿ ಹೋಮ್ ರೂಲಿನ ಮಾತನ್ನು ಕೇಳಿತು.

ತಿಲಕರು ತೀರಿಕೊಂಡ ಬಳಿಕ ರಾಯರು ಗಾಂಧೀಜಿಯವರನ್ನು ಅನುಸರಿಸಿದರು. 1920ರ ಕೌನ್ಸಿಲ್ ಚುನಾವಣೆಯನ್ನು ಕಾಂಗ್ರೆಸ್ಸು ಬಹಿಷ್ಕರಿಸಿತು. ಮತವು ಆಗ ಸ್ವತ್ತುಳ್ಳವರ ಸೊತ್ತು. ರಾಯರಂಥವರಿಗೆ ಸಹಜವಾಗಿ ಒದಗುವಂಥದು. ಇದ್ದ ಹಕ್ಕನ್ನು ಬಳಸಬೇಡಿರೆಂದು ಜನರಿಗೆ ಹೇಳುವುದು ಸುಲಭದ ಕೆಲಸವಲ್ಲ. 1924ರ ಬೆಳಗಾವಿ ಕಾಂಗ್ರೆಸ್ಸಿಗೆ, ಗಾಂಧೀಜಿ ಅಧ್ಯಕ್ಷರಾದ ಆ ಏಕೈಕ ಅಧಿವೇಶನಕ್ಕೆ, ಸ್ವಾಗತಾಧ್ಯಕ್ಷರು ಇವರೇ. 1930ರಲ್ಲಿ ಉಪ್ಪಿನ ಕಾಯದೆ ಮುರಿದು ಸೆರೆಮನೆ ಸೇರಿದರು. ಅವರ ಸಿರಿ ಕರಗುತ್ತ ಹೋಯಿತು. ಅವರು ಅದನ್ನು ಲೆಕ್ಕವಿಟ್ಟಂತೆ ತೋರುವುದಿಲ್ಲ.

1937ರ ಮಾತು ಸ್ವಾರಸ್ಯದ್ದು. ಆ ವರ್ಷ ಮುಂಬಯಿ ಪ್ರಾಂತದ ಶಾಸನಸಭೆಯ 175 ಸ್ಥಾನಗಳಲ್ಲಿ 86ನ್ನು ಕಾಂಗ್ರೆಸ್ಸು ಗೆದ್ದಿತ್ತು. ನಿನ್ನೆಯ ಕೈದಿಗಳು ಮಂತ್ರಿಗಳಾಗುವ ಹೊತ್ತು. ಏಪ್ರಿಲಿನಲ್ಲಿ ಗಾಂಧಿ ಸೇವಾ ಸಂಘವು ಹುದಲಿಯಲ್ಲಿ ಸೇರಿತು. ಗಾಂಧೀಜಿಯೂ ಬಂದಿದ್ದರು. ರಚನಾತ್ಮಕ ಕಾರ್ಯದವರು ಶಾಸನಸಭೆಗೆ ಹೋಗಬಹುದೇ ಎಂಬ ಚರ್ಚೆ ರಾಯರ ಊರಿನಲ್ಲಿಯೇ ನಡೆದು, ಹೋಗಬಹುದೆಂಬ ಕಡೆಗೆ ವಾಲಿತು. ಹಿಂದೆ ಶಾಸನಸಭೆಯಿಂದ ದೂರವಿರಲು ಸಾರಿದ್ದ ರಾಯರಿಗೆ ಅಂದು ಏನನ್ನಿಸಿತೋ!

ಸೆರೆಯಾಳಿಗೆ ಮತವಿಲ್ಲವೆಂಬ ನಿಯಮ 1935ರ ಆಂಗ್ಲ ಕಾಯದೆಯಲ್ಲಿಯೂ ಇತ್ತು. ಸ್ವತಃ ಸೆರೆಮನೆ ಕಂಡವರೇ ಸ್ವತಂತ್ರ ಭಾರತದ ಕಾಯದೆ ಬರೆಯುವಾಗಲೂ ಅದನ್ನು ತೆಗೆಯಲಿಲ್ಲ. ಅಪರಾಧ ಸಾಬೀತಾಗದೆ ವಿಚಾರಣೆಗಾಗಿ ಕಾದಿರುವ ಕೈದಿಗೂ ಇದು ಅನ್ವಯಿಸುತ್ತದೆ. ನನಗಿದು ಅನ್ಯಾಯವೆಂದೇ ತೋರುತ್ತದೆ.

ರಾಯರು ತೀರಿಕೊಂಡದ್ದು 1960ರಲ್ಲಿ, ತಮ್ಮ 89ನೆಯ ವಯಸ್ಸಿನಲ್ಲಿ. ಸೆರೆಮನೆಯಿಂದ ಹೊರಬಂದವನೂ ಬಡವನೂ ಒಂದೇ ಸಾಲಿನಲ್ಲಿ ನಿಂತು ಮತ ಹಾಕಿದ ಎರಡು ಮಹಾ ಚುನಾವಣೆಗಳು ಅಷ್ಟರಲ್ಲಿ ಮುಗಿದಿದ್ದವು.