ಟಿಪ್ಪು ಸುಲ್ತಾನನೂ ಮೈಸೂರಿನ ಬಾಣಗಳೂ

ದೇವನಹಳ್ಳಿಯಲ್ಲಿ ಜನಿಸಿದ ಟಿಪ್ಪು, ತಂದೆ ಹೈದರನಿಂದ 1782ರಲ್ಲಿ ರಾಜ್ಯದೊಡನೆ ಒಂದು ವಿಚಿತ್ರ ಆಯುಧವನ್ನೂ ಪಡೆದನು. ಅದೇ ಬಾಣ, ಅರ್ಥಾತ್ ರಾಕೆಟ್. ಯುರೋಪಿನವರ ಕಾಗದದ ಕೊಳವೆ ಹೆಚ್ಚು ಒತ್ತಡ ತಾಳದು. ಮೈಸೂರಿನವರು ಕಬ್ಬಿಣದ ಕೊಳವೆಗೆ ಮದ್ದು ತುಂಬಿ ಬಿದಿರಿಗೆ ಕಟ್ಟಿದರು. ಬಾಣ ಬಹುದೂರ ಹಾರಿತು. 1780ರಲ್ಲಿ ಪೊಳ್ಳಿಲೂರಿನಲ್ಲಿ ಇಂಗ್ಲಿಷರ ದಳ ಸೋತಾಗ ಇವೂ ಕೆಲಸ ಮಾಡಿದ್ದುವು.

ಆದರೆ ನಾವಿರುವ ಈ ಕೊಚ್ಚಿ ಸೀಮೆಯಲ್ಲೇ, 1789ರ ಡಿಸೆಂಬರ್ 29ರಂದು, ನೆಡುಂಕೋಟೆಯಲ್ಲಿ ತಿರುವಾಂಕೂರಿನವರು ಅವನನ್ನು ಹಿಮ್ಮೆಟ್ಟಿಸಿದರು. ಸುಲ್ತಾನನು ಪ್ರಾಣ ಉಳಿಸಿಕೊಂಡದ್ದೇ ಹೆಚ್ಚು! ಇಲ್ಲಿನ ನೆರೆಯವರು ಇದನ್ನು ಮರೆತಿಲ್ಲ, ನಾವು ಮರೆತರೆ ಸಲ್ಲದು.

1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಅವನು ಮಡಿದನು. ಬಾಣಗಳು ಇಂಗ್ಲೆಂಡಿಗೆ ಹೋದುವು. ಕಾಂಗ್ರೀವ್ ಎಂಬಾತ ಅವುಗಳ ಮಾದರಿಯಿಂದ ಮಾಡಿದ ರಾಕೆಟ್‌ಗಳು 1814ರಲ್ಲಿ ಅಮೆರಿಕದ ಬಾಲ್ಟಿಮೋರ್ ಕೋಟೆಯ ಮೇಲೆ ಬಿದ್ದುವು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಬಾವಿಯೊಂದರಿಂದ ಸಾವಿರದಷ್ಟು ಬಾಣಗಳನ್ನು ಮೇಲೆತ್ತಿದರು.