ಪಾಯದಿಂದ ಶುರು ಮಾಡಿದ ಲಕ್ಷ್ಮಣರಾವ್

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ನಾವು ಹಾಸ್ಟೆಲ್‌ನಲ್ಲಿ ಕೂತರೆ ಮನಿ ರಿಪೇರಿ ಮಾತು ಬಂದೇ ಬರ್ತದೆ. ಎರಿ ಮಣ್ಣು ಮಳೆಗಾಲದಾಗ ಉಬ್ಬತೈತಿ, ಬ್ಯಾಸಗ್ಯಾಗ ಬಿರಿತೈತಿ. ಪಾಯ ಆಳಕ್ಕೆ ತೆಗೆಯದೆ ಕಟ್ಟಿದ ಗೋಡೆ ಅದರ ಜೊತೆಗೇ ಸೀಳುತ್ತದೆ. ನಮ್ಮಲ್ಲೊಬ್ಬರ ಮನೆಯಲ್ಲಿ ಪ್ರತಿ ದೀಪಾವಳಿಗೂ ಬಿರುಕಿಗೆ ಸಿಮೆಂಟ್ ಮೆತ್ತಿ ಸುಣ್ಣ ಹಚ್ಚುತ್ತಾರೆ. ಈ ಸಲ ಗೋಡೆ ಕೆಡವಿ ಪಾಯದಿಂದಲೇ ಸರಿ ಮಾಡೋಣ ಅಂದ್ರೆ ಆಯಿ ಒಪ್ಪುತ್ತಿಲ್ಲ. ಮನಿ ಕೆಡವಿದರೆ ಮಂದಿ ಚದುರಿ ಹೋಗ್ತಾರೆ ಅಂತ ಅವರ ಭಯ. ಆಗ ನಮಗೆ ನೆನಪಾದವರು ಲಕ್ಷ್ಮಣರಾವ್ ಕಿರ್ಲೋಸ್ಕರ್. ನಮ್ಮ ಎಷ್ಟೋ ಬಾವಿಗಳ ಪಂಪಿನ ಮೇಲಿರುವುದು ಅವರದೇ ಹೆಸರು.

ಅವರು ಹುಟ್ಟಿದ್ದು 1869ರ ಜೂನ್ 20ರಂದು, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಚಿತ್ರ ಕಲಿಯಲು ಮುಂಬೈಗೆ ಹೋದರು. ಆದರೆ ಕೆಲವು ಬಣ್ಣಗಳ ವ್ಯತ್ಯಾಸ ಅವರ ಕಣ್ಣಿಗೆ ಗೊತ್ತಾಗುತ್ತಿರಲಿಲ್ಲ. ಬಣ್ಣ ಬಿಟ್ಟು ಯಂತ್ರಗಳ ಡ್ರಾಯಿಂಗ್ ಹಿಡಿದರು, ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಪಾಠ ಹೇಳಿದರು. ತಮಗೆ ಬರಬೇಕಾದ ಬಡ್ತಿ ಬೇರೆಯವರಿಗೆ ಹೋದಾಗ ನೌಕರಿ ಬಿಟ್ಟರು.

ಬೆಳಗಾವಿಯಲ್ಲಿ ಅಣ್ಣ ರಾಮಚಂದ್ರರ ಜೊತೆ ಸೈಕಲ್ ಅಂಗಡಿ ನಡೆಸಿದರು. ಆಮೇಲೆ ಮೇವು ಕತ್ತರಿಸುವ ಯಂತ್ರ, ಅದಾದ ಮೇಲೆ ಕಬ್ಬಿಣದ ನೇಗಿಲು. ನಮ್ಮ ಗೋಡೆ ಸೀಳುವ ಇದೇ ಎರಿ ಮಣ್ಣಿನಲ್ಲಿ ಕಟ್ಟಿಗೆ ನೇಗಿಲು ಆಳಕ್ಕೆ ಇಳಿಯುತ್ತಿರಲಿಲ್ಲ. ಆದರೆ ಕಬ್ಬಿಣ ತಾಗಿದರೆ ಭೂಮಿಗೆ ವಿಷ ಏರುತ್ತದೆ ಅಂತ ರೈತರು ಹೆದರಿದರು. ಮೊದಲ ನೇಗಿಲು ಮಾರಲು ಎರಡು ವರ್ಷ ಹಿಡಿಯಿತು.

ವ್ಯಾಪಾರ ಕುದುರಿತು ಅನ್ನುವಷ್ಟರಲ್ಲಿ ಇನ್ನೊಂದು ಪೆಟ್ಟು ಬಿತ್ತು. ಊರು ಬೆಳೆಸಲು ಆ ಜಾಗವೇ ಬೇಕಾಯಿತು, ಕಾರ್ಖಾನೆ ಖಾಲಿ ಮಾಡಬೇಕಾಯಿತು. ಆಗ ಔಂಧ್ ಸಂಸ್ಥಾನದ ರಾಜರು ಅವರಿಗೆ ಕಟ್ಟಡದ ಕೆಲಸ ಕೊಟ್ಟರು, 10,000 ರೂಪಾಯಿ ಸಾಲ ಕೊಟ್ಟರು, ಜಾಗವನ್ನೂ ಕೊಟ್ಟರು. ಜಾಗ ಅಂದ್ರೆ ಕುಂಡಲ್ ಹತ್ತಿರ 32 ಎಕರೆ ಬಂಜರು. ತುಂಬ ಪಾಪಾಸುಕಳ್ಳಿ, ಹಾವು.

1910ರಲ್ಲಿ ಸುಮಾರು 25 ಕೆಲಸಗಾರರು ತಮ್ಮ ಸಂಸಾರ ಸಮೇತ ಅವರ ಜೊತೆ ಅಲ್ಲಿಗೆ ಹೋದರು. ಕಳ್ಳಿ ಕಡಿದು ಕಾರ್ಖಾನೆಯನ್ನೂ ಮನೆಗಳನ್ನೂ ಕಟ್ಟಿದರು. ವಸತಿಯ ಉಸ್ತುವಾರಿ ರಾಮಚಂದ್ರರದ್ದು. ಆ ಊರಲ್ಲಿ ಅಸ್ಪೃಶ್ಯತೆಗೆ ಜಾಗವಿರಲಿಲ್ಲ. ಜೈಲಿನಿಂದ ಬಂದವರನ್ನು ಲಕ್ಷ್ಮಣರಾವ್ ರಾತ್ರಿ ಕಾವಲಿಗೆ ನಂಬಿ ಇಟ್ಟರು. ಅದೇ ಕಿರ್ಲೋಸ್ಕರವಾಡಿ. 1956ರ ಸೆಪ್ಟೆಂಬರ್ 26ರಂದು ಅವರು ತೀರಿಕೊಳ್ಳುವ ಹೊತ್ತಿಗೆ ಹರಿಹರ, ಬೆಂಗಳೂರಿನಲ್ಲೂ ಆ ಹೆಸರಿನ ಕಾರ್ಖಾನೆಗಳಿದ್ದವು.

ಅವರ ಜೀವನ ಓದಿದಾಗ ಮೊದಲು ನಮಗೆ ಬರೀ ಧೈರ್ಯ ಕಂಡಿತ್ತು. ಈಗ ಬೇರೆ ಒಂದು ಕಾಣುತ್ತಿದೆ. ಬೆಳಗಾವಿಯ ಕಾರ್ಖಾನೆ ಹೋಯಿತು, ಆದರೆ ಮಂದಿ ಚದುರಲಿಲ್ಲ. ಆಯಿ ಕೇಳುತ್ತಿದ್ದುದೂ ಅದನ್ನೇ. ನಾವು ಪಾಯದ ಆಳ, ಕಬ್ಬಿಣ, ಖರ್ಚು ಎಲ್ಲಾ ಲೆಕ್ಕ ಹಾಕಿದ್ದೆವು. ಕೆಲಸ ಮುಗಿಯುವ ತನಕ ಆಯಿ ಎಲ್ಲಿ ಮಲಗಬೇಕು, ದೇವರ ಜಗಲಿ ಎಲ್ಲಿಡಬೇಕು ಅಂತ ಬರೆದೇ ಇರಲಿಲ್ಲ.

ರಾಯಬಾಗದಲ್ಲಿ ರೈಲು ಹತ್ತಿ ಮಿರಜ ದಾಟಿ ಪುಣೆ ದಾರಿ ಹಿಡಿದರೆ ಕಿರ್ಲೋಸ್ಕರವಾಡಿ ಸ್ಟೇಷನ್ ಸಿಗುತ್ತದೆ. ರಜೆಯಲ್ಲಿ ಹೋಗಿ ನೋಡಬೇಕು ಅಂದುಕೊಂಡಿದ್ದೇವೆ. ಅದಕ್ಕೂ ಮೊದಲು ಪ್ಲ್ಯಾನ್‌ನ ಮೊದಲ ಹಾಳೆ ಹೊಸದಾಗಿ ಬರೆಯಬೇಕು, ಆಯಿಯ ಪಕ್ಕದಲ್ಲೇ ಕೂತು.