ರಾಣಿ ಕೇತೆವಾನ್

ಬೆಳಗಾವಿ ಜಿಲ್ಲೆಯ ಖಾನಾಪುರದ ಕಾಡಿನಲ್ಲಿ ಹುಟ್ಟುವ ನಮ್ಮ ಮಹದಾಯಿ ನದಿಯು ಗೋವೆಯನ್ನು ಸೇರಿ ಮಾಂಡೋವಿ ಎನಿಸಿಕೊಳ್ಳುತ್ತದೆ. ಅದರ ತೀರದ ಹಳೆಯ ಗೋವೆಯಲ್ಲಿ, ಗುಡ್ಡವೊಂದರ ಮೇಲೆ, ಸಂತ ಅಗಸ್ಟೀನರ ಇಗರ್ಜಿಯ ಮುರಿದ ಗೋಪುರವು ಇಂದಿಗೂ 46 ಮೀಟರು ಎತ್ತರಕ್ಕೆ ನಿಂತಿದೆ. ಆ ಪಾಳುಗೋಡೆಗಳ ನಡುವಣ ಮಣ್ಣಿನಲ್ಲಿ ದೂರದ ಜಾರ್ಜಿಯಾ ದೇಶದ ರಾಣಿಯೊಬ್ಬಳ ಅಸ್ಥಿಯು ಬಹುಕಾಲ ಅಡಗಿದ್ದಿತು. ಆಕೆಯೇ ಕೇತೆವಾನ್.

ಜಾರ್ಜಿಯಾವು ಕಪ್ಪು ಸಮುದ್ರದ ಪೂರ್ವಕ್ಕಿರುವ ಬೆಟ್ಟಗಳ ನಾಡು. 16ನೆಯ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿಯ ಮುಖ್ರಾನಿ ರಾಜಮನೆತನದಲ್ಲಿ ಜನಿಸಿದ ಕೇತೆವಾನಳು ಕಾಖೇತಿ ರಾಜ್ಯದ ಡೇವಿಡನನ್ನು ವರಿಸಿದಳು. 1602ರಲ್ಲಿ ಡೇವಿಡನು ತೀರಿಕೊಂಡನು. 1605ರಲ್ಲಿ ಆತನ ಸಹೋದರ ಕಾನ್‌ಸ್ಟಂಟೈನನು, ಪರ್ಷಿಯಾದ ಷಾ ಅಬ್ಬಾಸನ ಬೆಂಬಲದಿಂದ, ಹೆತ್ತ ತಂದೆಯನ್ನೇ ಕೊಲ್ಲಿಸಿ ಗದ್ದುಗೆಯೇರಿದನು. ವಿಧವೆಯಾದ ಕೇತೆವಾನಳು ಎದೆಗುಂದಲಿಲ್ಲ. ನಾಡಿನ ಸರದಾರರನ್ನು ಒಗ್ಗೂಡಿಸಿ ಕಾನ್‌ಸ್ಟಂಟೈನನನ್ನು ಸೋಲಿಸಿದಳು. ಹದಿಹರೆಯದ ಮಗ ತೇಮುರಾಜನನ್ನು ಅರಸನನ್ನಾಗಿ ಮಾಡಿ, ಆತನ ಪರವಾಗಿ ರಾಜ್ಯಭಾರವನ್ನು ನಡೆಯಿಸಿದಳು.

1614ರಲ್ಲಿ ಷಾ ಅಬ್ಬಾಸನಿಂದ ರಾಜ್ಯಕ್ಕೆ ಮತ್ತೆ ವಿಪತ್ತು ಒದಗಿತು. ನಾಡನ್ನು ಯುದ್ಧದಿಂದ ಉಳಿಸುವ ಆಸೆಯಿಂದ ಕೇತೆವಾನಳು ಷಾನ ಬಳಿಗೆ ಸಂಧಾನಕ್ಕೆ ಹೋಗಿ ಒತ್ತೆಯಾದಳು. ನಾಡು ಉಳಿಯಲಿಲ್ಲ, ಆಕೆಗೆ ಬಿಡುಗಡೆಯೂ ದೊರೆಯಲಿಲ್ಲ. ಷಿರಾಜ್ ನಗರದಲ್ಲಿ ವರ್ಷಗಟ್ಟಲೆ ಸೆರೆಯಲ್ಲಿದ್ದ ಆಕೆಯನ್ನು ಕ್ರೈಸ್ತಮತವನ್ನು ತೊರೆಯುವಂತೆ ಬಲವಂತಪಡಿಸಿದರು. ಆಕೆ ಒಪ್ಪಲಿಲ್ಲ. 1624ರ ಸೆಪ್ಟೆಂಬರಿನಲ್ಲಿ ಕ್ರೂರವಾದ ಹಿಂಸೆಯಿಂದ ಆಕೆಯನ್ನು ಕೊಲ್ಲಲಾಯಿತು. ಮಗ ತೇಮುರಾಜನು ಕವಿಯೂ ಆಗಿದ್ದನು. ತಾಯಿಯ ಬಲಿದಾನವನ್ನು ಕುರಿತು ಕಾವ್ಯವನ್ನು ರಚಿಸಿದನು. ಜಾರ್ಜಿಯಾದ ಜನರು ಇಂದಿಗೂ ಆಕೆಯನ್ನು ಸಂತಳೆಂದು ಪೂಜಿಸುತ್ತಾರೆ.

ಷಿರಾಜಿನಲ್ಲಿದ್ದ ಅಗಸ್ಟೀನ್ ಪಂಥದ ಪಾದ್ರಿಗಳು ಆಕೆಯ ಅಸ್ಥಿಗಳನ್ನು ಗುಟ್ಟಾಗಿ ಸಂಗ್ರಹಿಸಿ, ಒಂದು ಭಾಗವನ್ನು 1627ರಲ್ಲಿ ಗೋವೆಯ ತಮ್ಮ ಮಠಕ್ಕೆ ತಂದು ಕಲ್ಲಿನ ಪೆಟ್ಟಿಗೆಯಲ್ಲಿರಿಸಿದರು. ಕಾಲ ಕಳೆಯಿತು. 1835ರಲ್ಲಿ ಪೋರ್ಚುಗೀಸ್ ಸರಕಾರವು ಮಠಗಳನ್ನು ಮುಚ್ಚಿಸಿತು. 1842ರಲ್ಲಿ ಇಗರ್ಜಿಯ ಕಮಾನುಛಾವಣಿಯು ಕುಸಿಯಿತು. 1931ರಲ್ಲಿ ಗೋಪುರದ ಒಂದು ಪಾರ್ಶ್ವವೂ ಉರುಳಿತು. ರಾಣಿಯ ಗುರುತು ಕಲ್ಲುಮಣ್ಣುಗಳ ಕೆಳಗೆ ಮುಚ್ಚಿಹೋಯಿತು.

ಆದರೆ ಕಾಗದದಲ್ಲಿ ಅದರ ನೆನಪು ಉಳಿದಿದ್ದಿತು. ಮಠದ ಸಭಾಮಂದಿರದ ಎರಡನೆಯ ಕಿಟಕಿಯಲ್ಲಿ ಆ ಪೆಟ್ಟಿಗೆಯಿರುವುದಾಗಿ ಹಳೆಯ ಪೋರ್ಚುಗೀಸ್ ದಾಖಲೆಯೊಂದು ಹೇಳುತ್ತಿದ್ದಿತು. ಗೋಡೆಗಳೇ ಬಿದ್ದುಹೋಗಿರುವಲ್ಲಿ ಕಿಟಕಿಯನ್ನು ಹುಡುಕುವುದು ಸುಲಭವೇ? ಭಾರತ ಸರಕಾರದ ಪುರಾತತ್ತ್ವ ಇಲಾಖೆಯವರು ಸಹನೆಯಿಂದ ಅಗೆಯುತ್ತ ಬಂದು, 2004ರಲ್ಲಿ ಅಲ್ಲಿ ತೋಳಿನ ಮೂಳೆಯೊಂದನ್ನು ಕಂಡರು. ಅಲ್ಲಿಯೇ ಬೇರೆ ಪೆಟ್ಟಿಗೆಗಳಲ್ಲಿ ಇನ್ನೆರಡು ಮೂಳೆಗಳು ದೊರೆತವು. ಇವುಗಳಲ್ಲಿ ರಾಣಿಯದು ಯಾವುದು?

ಹೈದರಾಬಾದಿನ ಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರದ ವಿಜ್ಞಾನಿಗಳು ಮೂರನ್ನೂ ಪರೀಕ್ಷಿಸಿದರು. ತಾಯಿಯಿಂದ ಮಕ್ಕಳಿಗೆ ಇಳಿದುಬರುವ ವಂಶಲಕ್ಷಣವೊಂದನ್ನು ಮೂಳೆಯೊಳಗೆ ಗುರುತಿಸಲು ಸಾಧ್ಯವಿದೆ. ತೋಳಿನ ಮೂಳೆಯ ಲಕ್ಷಣವು 22,000ಕ್ಕೂ ಹೆಚ್ಚು ಭಾರತೀಯರಲ್ಲಿ ಒಬ್ಬರಲ್ಲಿಯೂ ಕಾಣಲಿಲ್ಲ. ಪರೀಕ್ಷಿಸಿದ 30 ಮಂದಿ ಜಾರ್ಜಿಯನ್ನರಲ್ಲಿ ಇಬ್ಬರಲ್ಲಿ ಕಂಡಿತು. ಉಳಿದೆರಡು ಮೂಳೆಗಳಲ್ಲಿದ್ದುದು ಭಾರತೀಯರ ಲಕ್ಷಣ. ಆದುದರಿಂದ ತೋಳಿನ ಮೂಳೆಯು ರಾಣಿಯದೇ ಇರಬೇಕೆಂದು ಅವರು ನಿರ್ಣಯಿಸಿದರು. ಪರೀಕ್ಷಿಸದೆ ನಂಬಿದ್ದರೆ, ಬೇರೆ ಯಾರದೋ ಮೂಳೆಯು ರಾಣಿಯ ಹೆಸರಿನಲ್ಲಿ ಪೂಜೆಗೊಳ್ಳುತ್ತಿದ್ದಿತು!

2021ರ ಜುಲೈ ತಿಂಗಳಿನಲ್ಲಿ ಭಾರತ ಸರಕಾರವು ಆ ಅಸ್ಥಿಯ ಒಂದು ಭಾಗವನ್ನು ಜಾರ್ಜಿಯಾಕ್ಕೆ ಕಾಣಿಕೆಯಾಗಿ ಒಪ್ಪಿಸಿತು. ನಾಡಿಗಾಗಿ ಒತ್ತೆಯಾಗಿ ಹೊರಟ ರಾಣಿಯು, ತಾನು ಎಂದೂ ಕಾಣದಿದ್ದ ನಮ್ಮ ದೇಶದ ಮಣ್ಣಿನಲ್ಲಿ ಮಲಗಿದ್ದು, ಕಡೆಗೆ ತನ್ನ ಜನರ ಬಳಿಗೆ ಮರಳಿದಳು. ಹುಟ್ಟಿದ ನಾಡನ್ನು ಬಿಟ್ಟು ಬಂದು ಈ ಸೂರತ್ತಿನ ಸೀಮೆಯಲ್ಲಿ ಬಾಳುತ್ತಿರುವ ನಮಗೆ ಆ ಮರಳುವಿಕೆಯ ಬೆಲೆಯನ್ನು ಬೇರೆಯವರು ಹೇಳಬೇಕಾಗಿಲ್ಲ.